ನಜ್ಜಾಶಿಯ ಆಸ್ಥಾನದಿಂದ ವೈಟ್‌ಫೀಲ್ಡಿನ ಶೆಡ್ಡುಗಳವರೆಗೆ: ಆಶ್ರಯದ ಕುರಿತು ಕ್ರೈಸ್ತರ ನಿಲುವು

ವೈಟ್‌ಫೀಲ್ಡಿನ ಸಮೀಪದ ನಮ್ಮ ಮದ್ರಸಾದಲ್ಲಿ ಮಗ್ರಿಬ್ ನಮಾಝಿನ ಬಳಿಕ ಮಕ್ಕಳಿಗೆ ಸೀರತ್ ಪಾಠವಿರುತ್ತದೆ. ಒಂದು ಸಂಜೆ ಅಬಿಸೀನಿಯಾದ ಹಿಜ್‌ರತ್ತಿನ ಪಾಠ ನಡೆಯುತ್ತಿದ್ದಾಗ ಹತ್ತು ವರ್ಷದ ಬಾಲಕನೊಬ್ಬ ಕೈಯೆತ್ತಿದನು. ಅವನ ತಂದೆ ಗುಜರಿ ವಿಂಗಡಿಸುವವರು, ಮನೆಮಾತು ಬಂಗಾಳಿ, ವಾಸ ತಗಡಿನ ಶೆಡ್ಡಿನಲ್ಲಿ. "ಹಜ್ರತ್, ಆ ರಾಜ ಇವರ ಆಧಾರ್ ಕಾರ್ಡ್ ಕೇಳಲಿಲ್ಲವಾ?" ಎಂದನು. ಉಳಿದ ಮಕ್ಕಳು ನಕ್ಕರು. ನಾವೂ ಮುಗುಳ್ನಕ್ಕು ಪಾಠ ಮುಂದುವರಿಸಿದೆವು. ಆದರೆ ಮನೆ ಸೇರಿದ ಮೇಲೆಯೂ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಏಕೆಂದರೆ ನಜ್ಜಾಶಿ ದೊರೆ ಆ ದಿನ ಏನನ್ನೂ ಕೇಳದೆ ಬಾಗಿಲು ತೆರೆದವರಲ್ಲ. ಅವರು ಕೇಳಿದರು. ಏನನ್ನು ಕೇಳಿದರು, ಯಾರ ಮುಂದೆ ಕೇಳಿದರು, ಕೇಳಿದ ಮೇಲೆ ಏನು ಮಾಡಿದರು ಎಂಬುದು ಇಂದಿನ ಸರಕಾರಗಳೂ ಓದಬೇಕಾದ ಪಾಠವಾಗಿದೆ.

ನಾವು ಮುಸ್ಲಿಮರು ಹಿಜ್‌ರತ್ ಎಂದೊಡನೆ ಮದೀನಾವನ್ನು ನೆನೆಯುತ್ತೇವೆ. ಮುಹಾಜಿರರೂ ಅನ್ಸಾರರೂ ಸಹೋದರರಾದ ವೃತ್ತಾಂತ ನಮ್ಮ ಮಕ್ಕಳಿಗೂ ಬಾಯಿಪಾಠ. ಆದರೆ ಇಸ್ಲಾಮಿನ ಪ್ರಥಮ ಹಿಜ್‌ರತ್ ಮದೀನಾಕ್ಕೆ ಆದದ್ದಲ್ಲ. ಅದು ಕಡಲಾಚೆಯ ಒಂದು ಕ್ರೈಸ್ತ ರಾಜ್ಯಕ್ಕೆ ಆಯಿತು. ನಮ್ಮ ಸಮುದಾಯದ ಮೊದಲ ನಿರಾಶ್ರಿತರಿಗೆ ಅನ್ನ ನೀರು ನೆಲೆ ಕೊಟ್ಟವರು ಕ್ರೈಸ್ತರು. ಈ ಸಂಗತಿಯನ್ನು ನಾವು ಪಾಠದಲ್ಲಿ ಹೇಳುತ್ತೇವೆ, ಆದರೆ ಅದರಿಂದ ನಮ್ಮ ಮೇಲೆ ಬರುವ ಋಣವನ್ನು ಕುರಿತು ಅಷ್ಟಾಗಿ ಯೋಚಿಸುವುದಿಲ್ಲ. ವಲಸಿಗರು, ನಿರಾಶ್ರಿತರು, ನುಸುಳುಕೋರರು ಎಂಬ ಪದಗಳು ದಿನನಿತ್ಯ ನಮ್ಮ ಕಿವಿಗೆ ಬೀಳುತ್ತಿರುವ ಈ ಕಾಲದಲ್ಲಿ, ಕ್ರೈಸ್ತ ಪರಂಪರೆಯು ಆಶ್ರಯವನ್ನು ಹೇಗೆ ಕಂಡಿತು, ಎಲ್ಲಿ ಅದಕ್ಕೆ ಬದ್ಧವಾಗಿ ನಡೆಯಿತು, ಎಲ್ಲಿ ತಪ್ಪಿತು ಎಂಬುದನ್ನು ತಿಳಿಯುವುದು ನಮಗೂ ಅಗತ್ಯ.

ಪ್ರವಾದಿತ್ವದ ಐದನೆಯ ವರ್ಷ, ಅಂದರೆ ಸುಮಾರು ಕ್ರಿ.ಶ. 615. ಮಕ್ಕಾದಲ್ಲಿ ದುರ್ಬಲ ವಿಶ್ವಾಸಿಗಳ ಮೇಲಿನ ಹಿಂಸೆ ಮಿತಿಮೀರಿತ್ತು. ಅಬಿಸೀನಿಯಾದಲ್ಲಿ ಒಬ್ಬ ದೊರೆಯಿದ್ದಾರೆ, ಅವರ ನಾಡಿನಲ್ಲಿ ಯಾರ ಮೇಲೂ ಅನ್ಯಾಯ ನಡೆಯುವುದಿಲ್ಲ, ಅಲ್ಲಾಹನು ದಾರಿ ತೋರಿಸುವ ತನಕ ಅಲ್ಲಿಗೆ ಹೋಗಿರಿ ಎಂದು ಪ್ರವಾದಿ(ಸ) ತಮ್ಮ ಸಂಗಾತಿಗಳಿಗೆ ಸೂಚಿಸಿದರು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಪ್ರವಾದಿವರ್ಯರು(ಸ) ಆ ದೊರೆಯ ಧರ್ಮವನ್ನು ಮಾನದಂಡವಾಗಿ ಇಡಲಿಲ್ಲ, ನ್ಯಾಯವನ್ನು ಇಟ್ಟರು. ಮೊದಲ ತಂಡದಲ್ಲಿ ಹತ್ತು ಹನ್ನೆರಡು ಪುರುಷರೂ ನಾಲ್ವರು ಸ್ತ್ರೀಯರೂ ಇದ್ದರು. ಅವರಲ್ಲಿ ಹಝ್ರತ್ ಉಸ್ಮಾನ್(ರ) ಮತ್ತು ಅವರ ಪತ್ನಿ, ಪ್ರವಾದಿಪುತ್ರಿ ರುಖಿಯ್ಯಾ(ರ) ಕೂಡ ಇದ್ದರು. ಶುಐಬಾ ಬಂದರಿನಲ್ಲಿ ವ್ಯಾಪಾರಿಗಳ ಹಡಗು ಹತ್ತಿದಾಗ ಅವರು ಕೊಟ್ಟ ಬಾಡಿಗೆ ಅರ್ಧ ದೀನಾರ್ ಎಂದು ಸೀರತ್ ಗ್ರಂಥಗಳು ಹೇಳುತ್ತವೆ. ಬೆನ್ನಟ್ಟಿ ಬಂದ ಖುರೈಶರು ದಡ ಮುಟ್ಟುವ ವೇಳೆಗೆ ಹಡಗು ಹೊರಟಿತ್ತು. ಬಳಿಕ ಜಅ್‌ಫರ್ ಬಿನ್ ಅಬೀ ತಾಲಿಬ್(ರ) ಅವರನ್ನೊಳಗೊಂಡ ಎಂಬತ್ತಕ್ಕೂ ಹೆಚ್ಚು ಜನರ ದೊಡ್ಡ ತಂಡ ಹೋಯಿತು.

ಖುರೈಶರು ಸುಮ್ಮನೆ ಕೂರಲಿಲ್ಲ. ಅಮ್ರ್ ಬಿನ್ ಆಸ್ ಮತ್ತು ಅಬ್ದುಲ್ಲಾ ಬಿನ್ ಅಬೀ ರಬೀಆ ಎಂಬಿಬ್ಬರನ್ನು ರಾಯಭಾರಿಗಳಾಗಿ ಕಳುಹಿಸಿದರು. ಇಬ್ಬರೂ ಮುಂದೆ ಇಸ್ಲಾಮ್ ಸ್ವೀಕರಿಸಿದರು ಎಂಬುದು ಬೇರೆ ಮಾತು. ಅಬಿಸೀನಿಯಾದವರಿಗೆ ಮಕ್ಕಾದ ಹದಮಾಡಿದ ಚರ್ಮವೆಂದರೆ ಬಹಳ ಇಷ್ಟ. ಅದನ್ನೇ ರಾಶಿ ರಾಶಿಯಾಗಿ ಕೊಂಡೊಯ್ದರು. ದೊರೆಯನ್ನು ಕಾಣುವ ಮೊದಲೇ ಒಬ್ಬೊಬ್ಬ ಬಿಷಪರಿಗೂ ಒಂದೊಂದು ಉಡುಗೊರೆ ತಲುಪಿತು. "ನಮ್ಮ ಊರಿನ ಕೆಲವು ಬುದ್ಧಿಗೇಡಿ ಹುಡುಗರು ತಮ್ಮವರ ಧರ್ಮ ಬಿಟ್ಟು, ನಿಮ್ಮ ಧರ್ಮಕ್ಕೂ ಸೇರದೆ, ಹೊಸದೊಂದನ್ನು ಕಟ್ಟಿಕೊಂಡು ಇಲ್ಲಿಗೆ ಓಡಿಬಂದಿದ್ದಾರೆ; ಅವರ ಮಾತು ಕೇಳದೆಯೇ ನಮಗೆ ಒಪ್ಪಿಸುವಂತೆ ದೊರೆಗೆ ಸಲಹೆ ನೀಡಿ" ಎಂಬುದು ಅವರ ಬೇಡಿಕೆಯ ಸಾರ. ಅವರ ಮಾತು ಕೇಳದೆಯೇ ಎಂಬುದೇ ಇಲ್ಲಿ ಮುಖ್ಯವಾದುದು. ಓಡಿಬಂದವನು ಬಾಯಿ ತೆರೆದರೆ ಅಟ್ಟಿದವನ ಕತೆ ಹೊರಬೀಳುತ್ತದೆ ಎಂಬುದು ಖುರೈಶರಿಗೆ ಚೆನ್ನಾಗಿ ಗೊತ್ತಿತ್ತು.

ಬಿಷಪರು ಹಾಗೆಯೇ ಸಲಹೆ ನೀಡಿದರು. ದೊರೆ ಕೋಪಗೊಂಡರು. ಬೇರೆಲ್ಲರನ್ನೂ ಬಿಟ್ಟು ತನ್ನ ನೆರೆಯನ್ನು ಆರಿಸಿಕೊಂಡು ಬಂದವರನ್ನು ವಿಚಾರಿಸದೆ ಒಪ್ಪಿಸಲಾರೆನೆಂದರು. ಅನಂತರ ಜಅ್‌ಫರ್(ರ) ಅವರನ್ನು ಕರೆಸಿ, ಬಿಷಪರು ತಮ್ಮ ಗ್ರಂಥಗಳನ್ನು ತೆರೆದು ಕುಳಿತಿದ್ದ ತುಂಬಿದ ಸಭೆಯಲ್ಲಿ, ಏಕೆ ಬಂದಿರಿ ಎಂದು ಕೇಳಿದರು. ಜಅ್‌ಫರ್(ರ) ತಮ್ಮ ಜನ ಅಜ್ಞಾನದಲ್ಲಿ ಹೇಗೆ ಬದುಕಿದ್ದರು, ಬಲಿಷ್ಠರು ದುರ್ಬಲರನ್ನು ಹೇಗೆ ನುಂಗುತ್ತಿದ್ದರು, ಪ್ರವಾದಿ(ಸ) ಏನನ್ನು ಕಲಿಸಿದರು, ಅದಕ್ಕಾಗಿ ತಮಗೆ ಏನಾಯಿತು ಎಂಬುದನ್ನು ಬಿಡಿಸಿ ಹೇಳಿದರು. ದೊರೆ ಕೇಳಿದಾಗ ಸೂರಃ ಮರ್ಯಮಿನ ಆರಂಭದ ಭಾಗವನ್ನು ಓದಿದರು. ದೊರೆಯ ಗಡ್ಡ ಕಣ್ಣೀರಿನಿಂದ ತೊಯ್ದಿತು. ಬಿಷಪರ ಗ್ರಂಥಗಳೂ ಒದ್ದೆಯಾದವು. ಈ ವೃತ್ತಾಂತವನ್ನು ನಮಗೆ ತಲುಪಿಸಿದವರು ಆಗ ಅಬಿಸೀನಿಯಾದಲ್ಲೇ ಇದ್ದ ಹಝ್ರತ್ ಉಮ್ಮು ಸಲಮಾ(ರ). ಒಬ್ಬ ನಿರಾಶ್ರಿತ ಮಹಿಳೆಯ ಬಾಯಿಂದಲೇ ಈ ಇತಿಹಾಸ ಉಳಿದಿದೆ.

ಮರುದಿನ ಅಮ್ರ್ ಇನ್ನೊಂದು ಬಾಣ ಬಿಟ್ಟರು. ಇವರು ಈಸಾ(ಅ) ಅವರನ್ನು ದಾಸನೆಂದು ಕರೆಯುತ್ತಾರೆ ಎಂದರು. ಪುನಃ ಕರೆ ಬಂತು. ನಿರಾಶ್ರಿತರು ತಮ್ಮತಮ್ಮಲ್ಲೇ ಸಮಾಲೋಚಿಸಿದರು. ಮಾತನ್ನು ಸ್ವಲ್ಪ ತಿರುಚಿದ್ದರೆ ಪ್ರಾಣ ಸುರಕ್ಷಿತವಾಗಿರುತ್ತಿತ್ತು. ಆದರೂ ಅಲ್ಲಾಹನು ಹೇಳಿದ್ದನ್ನೇ ಹೇಳೋಣ, ಆದದ್ದಾಗಲಿ ಎಂದು ನಿಶ್ಚಯಿಸಿ, ಈಸಾ(ಅ) ಅಲ್ಲಾಹನ ದಾಸರೂ ದೂತರೂ ಆಗಿದ್ದಾರೆ ಎಂದು ಕ್ರೈಸ್ತ ಆಸ್ಥಾನದ ನಡುವೆಯೇ ಹೇಳಿದರು. ಆಸ್ಥಾನಿಕರು ಗೊಣಗಿದರು. ದೊರೆ ನೆಲದಿಂದ ಒಂದು ಕಡ್ಡಿಯನ್ನೆತ್ತಿ, ನೀವು ಹೇಳಿದ್ದಕ್ಕೂ ಈಸಾ(ಅ) ಅವರ ನಿಜಸ್ಥಿತಿಗೂ ಈ ಕಡ್ಡಿಯಷ್ಟೂ ಅಂತರವಿಲ್ಲವೆಂದರು. ನಿಮ್ಮನ್ನು ನಿಂದಿಸುವವನು ದಂಡ ತೆರಬೇಕು ಎಂದು ಸಾರಿದರು. ಚರ್ಮದ ಉಡುಗೊರೆಗಳೆಲ್ಲ ರಾಯಭಾರಿಗಳ ಕೈಗೇ ಹಿಂದಿರುಗಿದವು.

ಸೀರತ್ತಿನಲ್ಲಿ ಇನ್ನೊಂದು ಪ್ರಸಂಗವಿದೆ. ಪಾಠಗಳಲ್ಲಿ ಇದನ್ನು ಹೇಳುವವರು ಕಡಿಮೆ. ಸ್ವಲ್ಪ ಕಾಲದ ಬಳಿಕ ನಜ್ಜಾಶಿಯ ವಿರುದ್ಧ ಬಂಡಾಯವೆದ್ದಿತು. ಯುದ್ಧಕ್ಕೆ ಹೊರಡುವ ಮೊದಲು ಅವರು ಮುಸ್ಲಿಮರಿಗಾಗಿ ಹಡಗುಗಳನ್ನು ಸಿದ್ಧಪಡಿಸಿಟ್ಟರು. ತಾನು ಸೋತರೆ ಎಲ್ಲಿಗೆ ಬೇಕಾದರೂ ಹೊರಡಿರಿ, ಗೆದ್ದರೆ ಇಲ್ಲಿಯೇ ನೆಮ್ಮದಿಯಿಂದಿರಿ ಎಂದರು. ತನ್ನ ಸಿಂಹಾಸನವೇ ಅಲುಗುತ್ತಿದ್ದಾಗ ಪರದೇಶಿಗಳ ದಾರಿಖರ್ಚಿನ ಚಿಂತೆ ಮಾಡಿದ ದೊರೆ ಅವರು. ಇತ್ತ ಮುಸ್ಲಿಮರು ಅವರ ಗೆಲುವಿಗಾಗಿ ಪ್ರಾರ್ಥಿಸುತ್ತಿದ್ದರು. ಯುದ್ಧದ ಸುದ್ದಿ ತರಲು ಯಾರು ಹೋಗುವರೆಂಬ ಪ್ರಶ್ನೆ ಬಂದಾಗ ವಯಸ್ಸಿನಲ್ಲಿ ಎಲ್ಲರಿಗಿಂತ ಕಿರಿಯರಾದ ಝುಬೈರ್(ರ) ಮುಂದೆ ಬಂದರು. ತೊಗಲಿನ ಚೀಲವೊಂದಕ್ಕೆ ಗಾಳಿ ತುಂಬಿ ಎದೆಗೆ ಕಟ್ಟಿಕೊಂಡು ನೈಲ್ ನದಿಯನ್ನು ಈಜಿ ದಾಟಿ, ದೊರೆ ಗೆದ್ದ ಸುದ್ದಿ ತಂದರು. ಅಂದು ಪಟ್ಟಷ್ಟು ಸಂತೋಷವನ್ನು ನಾವು ಎಂದೂ ಪಟ್ಟಿರಲಿಲ್ಲ ಎಂಬ ಅರ್ಥದ ಮಾತನ್ನು ಉಮ್ಮು ಸಲಮಾ(ರ) ಹೇಳಿದ್ದಾರೆ. ಆಶ್ರಯ ಪಡೆದವರು ಆಶ್ರಯ ಕೊಟ್ಟ ನಾಡಿನ ಒಳಿತನ್ನು ತಮ್ಮ ಒಳಿತೆಂದು ತಿಳಿದ ಪ್ರಸಂಗವಿದು. ವಲಸಿಗರು ಎಂದಿಗೂ ಈ ನೆಲದವರಾಗುವುದಿಲ್ಲ ಎನ್ನುವವರಿಗೆ ಇದನ್ನು ತೋರಿಸಬೇಕು.

ಅಲ್ಲಿ ಉಳಿದವರು ಹಿಂದಿರುಗಿದ್ದು ಹಿಜರಿ 7ರಲ್ಲಿ, ಖೈಬರ್ ವಿಜಯದ ವೇಳೆಗೆ. ಕೆಲವರ ಪಾಲಿಗೆ ಅದು ಹದಿಮೂರು ವರ್ಷಗಳಷ್ಟು ದೀರ್ಘ ವಾಸ. ಮದೀನಾಕ್ಕೆ ಮೊದಲು ಬಂದ ನಮಗೇ ಪ್ರವಾದಿಯವರ(ಸ) ಮೇಲೆ ಹೆಚ್ಚಿನ ಹಕ್ಕು ಎಂದು ಉಮರ್(ರ) ಹೇಳಿದಾಗ ಅಸ್ಮಾ ಬಿಂತ್ ಉಮೈಸ್(ರ) ಸಿಟ್ಟಾದರು. ದೂರದ ನಾಡಿನಲ್ಲಿ ತಾವು ಪಟ್ಟ ಪಾಡನ್ನು ಪ್ರವಾದಿಯವರ(ಸ) ಮುಂದಿಟ್ಟರು. ನಿಮಗೆ ಎರಡು ಹಿಜ್‌ರತ್ತಿನ ಪುಣ್ಯವಿದೆ ಎಂಬ ಉತ್ತರ ಬಂತು. ಬುಖಾರಿಯಲ್ಲಿ ಈ ಹದೀಸ್ ಇದೆ. ನಜ್ಜಾಶಿ ತೀರಿಕೊಂಡ ದಿನ ಪ್ರವಾದಿ(ಸ) ಮದೀನಾದಲ್ಲಿ ಅವರಿಗಾಗಿ ಜನಾಝಾ ನಮಾಝ್ ನಿರ್ವಹಿಸಿದರು. ನಮ್ಮ ಪರಂಪರೆಯ ಪ್ರಕಾರ ಅಷ್ಟು ಹೊತ್ತಿಗೆ ಅವರ ಹೃದಯ ಇಸ್ಲಾಮಿನ ಕಡೆಗೆ ತಿರುಗಿತ್ತು. ಆದರೆ ಹಡಗಿನಿಂದಿಳಿದ ನಿರಾಶ್ರಿತರಿಗೆ ಬಾಗಿಲು ತೆರೆದಾಗ ಅವರು ಕ್ರೈಸ್ತ ದೊರೆಯೇ ಆಗಿದ್ದರು. ಅವರ ರಾಜ್ಯವು ನಾಲ್ಕನೆಯ ಶತಮಾನದಿಂದಲೇ ಕ್ರೈಸ್ತ ರಾಜ್ಯವಾಗಿತ್ತು.

ಆ ದೊರೆ ಹೀಗೆ ನಡೆದುಕೊಳ್ಳಲು ಅವರ ಸ್ವಭಾವವೊಂದೇ ಕಾರಣವಲ್ಲ, ಅವರ ಧರ್ಮದಲ್ಲೂ ಅದಕ್ಕೆ ಬೇರುಗಳಿದ್ದವು. ತೌರಾತಿನ ಗ್ರಂಥಗಳಲ್ಲಿ ಪರದೇಶಿಯನ್ನು ಪೀಡಿಸಬಾರದೆಂಬ ಆಜ್ಞೆ ಮತ್ತೆ ಮತ್ತೆ ಬರುತ್ತದೆ. ನೀವೂ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದಿರಿ ಎಂಬುದೇ ಅಲ್ಲಿ ಕೊಡುವ ಕಾರಣ. ಮತ್ತಾಯನ ಸುವಾರ್ತೆಯಲ್ಲಿ ಎರಡು ಪ್ರಸಂಗಗಳಿವೆ. ಒಂದರಲ್ಲಿ ಹೆರೋದ ರಾಜನ ಕತ್ತಿಗೆ ಹೆದರಿ ಮರ್ಯಮ್, ಯೋಸೇಫ್ ಮತ್ತು ಶಿಶು ಈಸಾ(ಅ) ರಾತ್ರೋರಾತ್ರಿ ಈಜಿಪ್ಟಿಗೆ ಪಲಾಯನ ಮಾಡುತ್ತಾರೆ. ಇನ್ನೊಂದರಲ್ಲಿ ಅಂತಿಮ ತೀರ್ಪಿನ ದಿನ, ಪರದೇಶಿಯನ್ನು ಮನೆಗೆ ಕರೆದುಕೊಂಡವನು ತನ್ನನ್ನೇ ಕರೆದುಕೊಂಡಂತೆ ಎಂದು ಯೇಸು ಹೇಳುತ್ತಾರೆ. ಹಸಿದವನಿಗೆ ಉಣಿಸಿದ್ದರೆ, ರೋಗಿಯನ್ನು ಕಂಡುಬಂದಿದ್ದರೆ ನನ್ನನ್ನು ಅಲ್ಲಿ ಕಾಣುತ್ತಿದ್ದೆ ಎಂದು ಅಲ್ಲಾಹನು ಹೇಳುವ ಹದೀಸ್ ಕುದ್ಸಿಯನ್ನು ಬಲ್ಲವರಿಗೆ ಈ ಮಾತು ಅಪರಿಚಿತವೆನಿಸದು. ಈಸಾ(ಅ) ಅವರ ಸ್ಥಾನದ ಬಗ್ಗೆ ನಮಗೂ ಅವರಿಗೂ ಇರುವ ಭಿನ್ನತೆ ಆಸ್ಥಾನದ ಆ ದಿನದಷ್ಟೇ ಇಂದೂ ಸ್ಪಷ್ಟವಾಗಿದೆ. ಪರದೇಶಿಯ ವಿಷಯದಲ್ಲಿ ಭಿನ್ನತೆ ಬಹಳ ಕಡಿಮೆ. ಶತ್ರುಪಾಳಯದ ಬಹುದೇವಾರಾಧಕನೇ ಅಭಯ ಕೇಳಿ ಬಂದರೂ ಅವನಿಗೆ ಅಭಯ ನೀಡಿ, ಸುರಕ್ಷಿತ ಸ್ಥಳಕ್ಕೆ ತಲುಪಿಸಬೇಕೆಂದು ಸೂರಃ ತೌಬಾದ ಆರನೆಯ ಆಯತ್ ಆಜ್ಞಾಪಿಸುತ್ತದೆ.

ಆಧುನಿಕ ಕಾಲದಲ್ಲಿ ಕ್ಯಾಥೊಲಿಕ್ ಸಭೆ ಈ ವಿಚಾರವನ್ನು ನೀತಿಯ ಮಟ್ಟಕ್ಕೆ ತಂದಿತು. ಎರಡನೆಯ ಮಹಾಯುದ್ಧದ ಬಳಿಕ, 1952ರಲ್ಲಿ, ಪೋಪ್ ಹನ್ನೆರಡನೆಯ ಪಯಸ್ ವಲಸಿಗರ ಕುರಿತು ಒಂದು ಶಾಸನಪತ್ರ ಹೊರಡಿಸಿ, ಈಜಿಪ್ಟಿಗೆ ಓಡಿದ ಆ ಕುಟುಂಬವನ್ನು ಎಲ್ಲ ನಿರಾಶ್ರಿತ ಕುಟುಂಬಗಳ ಮಾದರಿಯೆಂದು ಕರೆದರು. ವಿಯೆಟ್ನಾಮಿನಿಂದ ದೋಣಿಗಳಲ್ಲಿ ಜನ ಪಲಾಯನ ಮಾಡುತ್ತಿದ್ದಾಗ, 1980ರಲ್ಲಿ, ಯೇಸುಸಭೆಯ ಮುಖ್ಯಸ್ಥ ಪೆಡ್ರೊ ಅರುಪೆ ನಿರಾಶ್ರಿತರಿಗಾಗಿ ಜೆಸ್ಯೂಟ್ ರೆಫ್ಯೂಜಿ ಸರ್ವಿಸ್ ಎಂಬ ಸಂಸ್ಥೆ ಕಟ್ಟಿದರು. ಅದು ತಮಿಳುನಾಡಿನಲ್ಲಿ ಶ್ರೀಲಂಕಾದ ತಮಿಳು ನಿರಾಶ್ರಿತರ ನಡುವೆಯೂ ಕೆಲಸ ಮಾಡಿದೆ. ಪೋಪ್ ಫ್ರಾನ್ಸಿಸ್ 2013ರಲ್ಲಿ ಪೋಪ್ ಆದ ಕೆಲವೇ ತಿಂಗಳಲ್ಲಿ, ಕಡಲಲ್ಲಿ ಮುಳುಗಿದ ವಲಸಿಗರಿಗಾಗಿ ಪ್ರಾರ್ಥಿಸಲು ಲ್ಯಾಂಪೆಡುಸಾ ದ್ವೀಪಕ್ಕೆ ಹೋದರು. 2016ರ ಏಪ್ರಿಲ್ 16ರಂದು ಗ್ರೀಸಿನ ಲೆಸ್ಬೋಸ್ ದ್ವೀಪದಿಂದ ತಮ್ಮ ವಿಮಾನದಲ್ಲೇ ಹನ್ನೆರಡು ಮಂದಿ ಸಿರಿಯನ್ನರನ್ನು ರೋಮಿಗೆ ಕರೆತಂದರು. ಆ ಮೂರು ಕುಟುಂಬಗಳೂ ಮುಸ್ಲಿಮ್ ಕುಟುಂಬಗಳಾಗಿದ್ದವು.

ಆದರೆ ಕ್ರೈಸ್ತ ಸಭೆ ಗಡಿಗಳೇ ಬೇಡವೆಂದು ಹೇಳುತ್ತದೆ ಎಂದು ತಿಳಿಯುವುದು ತಪ್ಪು. ಅನುಕೂಲವುಳ್ಳ ದೇಶಗಳು ತಮ್ಮ ಶಕ್ತಿಯಿದ್ದಷ್ಟು ಮಟ್ಟಿಗೆ ವಲಸಿಗರನ್ನು ಸ್ವೀಕರಿಸಬೇಕು, ಸರಕಾರಗಳು ಅದಕ್ಕೆ ನಿಯಮಗಳನ್ನು ವಿಧಿಸಬಹುದು, ವಲಸಿಗರು ನಾಡಿನ ಕಾನೂನಿಗೆ ಗೌರವ ಕೊಡಬೇಕು ಎಂಬುದು ಕ್ಯಾಥೊಲಿಕರ ಧರ್ಮೋಪದೇಶ ಗ್ರಂಥದ ನಿಲುವು. ಅದರೊಳಗೆ ಜಗಳವೂ ಇದೆ. 2015ರಲ್ಲಿ ಪಾದ್ರಿಯೊಬ್ಬರ ಮಗಳಾದ ಅಂಗೆಲಾ ಮರ್ಕೆಲ್ ಜರ್ಮನಿಯ ಬಾಗಿಲು ತೆರೆದಿಟ್ಟಾಗ, ಹಂಗೆರಿಯ ಪ್ರಧಾನಿ ಅದೇ ಕ್ರೈಸ್ತ ಯೂರೋಪಿನ ಹೆಸರಿನಲ್ಲಿ ಗಡಿಗೆ ಮುಳ್ಳುತಂತಿ ಬಿಗಿಸಿದರು. 2025ರಲ್ಲಿ ಅಮೆರಿಕದ ಉಪಾಧ್ಯಕ್ಷ ಜೆ.ಡಿ. ವಾನ್ಸ್ ಮೊದಲು ಕುಟುಂಬ, ಆಮೇಲೆ ನೆರೆಯವರು, ಆಮೇಲೆ ದೇಶ, ಕೊನೆಗೆ ಹೊರಗಿನವರು ಎಂಬ ಪ್ರೀತಿಯ ಕ್ರಮವೊಂದು ಕ್ರೈಸ್ತ ಧರ್ಮದಲ್ಲಿದೆ ಎಂದು ವಾದಿಸಿದರು. ಪೋಪ್ ಫ್ರಾನ್ಸಿಸ್ ಫೆಬ್ರವರಿ 10ರಂದು ಅಮೆರಿಕದ ಬಿಷಪರಿಗೆ ಪತ್ರ ಬರೆದು, ದಾರಿಯಲ್ಲಿ ಬಿದ್ದ ಅಪರಿಚಿತನನ್ನು ಎತ್ತಿದ ಸಮಾರ್ಯದವನ ಕತೆಯಲ್ಲಿ ನಿಜವಾದ ಕ್ರಮವನ್ನು ಹುಡುಕಬೇಕೆಂದು ಉತ್ತರಿಸಿದರು. ಎರಡು ತಿಂಗಳ ಬಳಿಕ ಅವರು ತೀರಿಕೊಂಡರು. ನೆರೆಯವನ ಹಕ್ಕು ಮೊದಲು ಎಂಬ ಮಾತು ನಮ್ಮ ಫಿಕ್‌ಹ್‌ನಲ್ಲೂ ಇದೆ. ಆದರೆ ನಮ್ಮ ಹೊರವಲಯದಲ್ಲಿ ನೆರೆಯವನೇ ಪರದೇಶಿಯಾಗಿದ್ದಾನೆ.

ಇನ್ನು ನಮ್ಮ ನಾಡಿಗೆ ಬರೋಣ. ಗೋವೆಯಲ್ಲಿ 1560ರಲ್ಲಿ ಪೋರ್ಚುಗೀಸರು ಧರ್ಮವಿಚಾರಣಾ ನ್ಯಾಯಾಲಯವನ್ನು ಸ್ಥಾಪಿಸಿದರು. ಕ್ರೈಸ್ತ ಅಧಿಕಾರವು ಆಶ್ರಯದ ಬೋಧೆಯನ್ನು ಮರೆತು ತಾನೇ ಜನರನ್ನು ಅಟ್ಟಿದ ಕಾಲವದು. ಹಿಂದೂಗಳು ದಕ್ಷಿಣಕ್ಕೆ ಓಡಿದರು. ಮತಾಂತರಗೊಂಡ ಬಳಿಕವೂ ಹಳೆಯ ಆಚಾರಗಳಿಗಾಗಿ ಶಿಕ್ಷೆಗೆ ಹೆದರಿದ ಕ್ರೈಸ್ತರೂ ಓಡಿದರು. ಬರಗಾಲ ಮತ್ತು ಮರಾಠರ ದಾಳಿಗಳಿಂದ ಇನ್ನಷ್ಟು ಜನ ಬಂದರು. ಕೆನರಾದಲ್ಲಿ ಆಗ ಕೆಳದಿಯ ನಾಯಕರ ಆಳ್ವಿಕೆ. ಅವರು ವೀರಶೈವರು. ಬಂದ ಕ್ರೈಸ್ತರಿಗೆ ಅವರು ಭೂಮಿ ಕೊಟ್ಟರು. 1678ರ ಒಪ್ಪಂದದಲ್ಲಿ ಹೊನ್ನಾವರ, ಭಟ್ಕಳ, ಕಲ್ಯಾಣಪುರ ಮುಂತಾದೆಡೆ ಚರ್ಚು ಕಟ್ಟಲು ಅನುಮತಿ ನೀಡಿದರು. ಇದು ಕೇವಲ ದಯೆಯಾಗಿರಲಿಲ್ಲ. ಕೃಷಿ ಬಲ್ಲ ಕೈಗಳು ನಾಯಕರಿಗೆ ಬೇಕಾಗಿದ್ದವು. ದಯೆಯೂ ಲಾಭವೂ ಕೂಡಿಬಂದಾಗ ಆಶ್ರಯ ಗಟ್ಟಿಯಾಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ.

ಈ ಇತಿಹಾಸವನ್ನು ಹೇಳುವಾಗ ನಾವು ಒಂದು ಪುಟವನ್ನು ಹಾರಿಸಲಾರೆವು. 1784ರಲ್ಲಿ, ಆಂಗ್ಲರೊಡನೆ ಯುದ್ಧದ ಕಾಲದಲ್ಲಿ ಶತ್ರುವಿಗೆ ನೆರವಾದರೆಂಬ ಆರೋಪದಿಂದ, ಟಿಪ್ಪು ಸುಲ್ತಾನರು ಕೆನರಾದ ಇದೇ ಕ್ರೈಸ್ತರನ್ನು ಸಾಮೂಹಿಕವಾಗಿ ಬಂಧಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಬಂಧಿತರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ, ಆದರೆ ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹಳ ಜನ ಸತ್ತರೆಂಬುದರಲ್ಲಿ ಸಂಶಯವಿಲ್ಲ. ಚರ್ಚುಗಳು ನೆಲಸಮವಾದವು. 1799ರ ಬಳಿಕವೇ ಉಳಿದವರು ಊರು ಸೇರಿದರು. ನಾವು ಸುಲ್ತಾನರನ್ನು ಪ್ರೀತಿಸುವವರು. ಆಂಗ್ಲರ ಎದುರು ಅವರ ಹೋರಾಟ, ರೇಷ್ಮೆ, ರಾಕೆಟ್ಟು, ಶೃಂಗೇರಿ ಮಠಕ್ಕೆ ಬರೆದ ಪತ್ರಗಳು ನಮ್ಮ ಹೆಮ್ಮೆ. ಆದರೆ ಕೆಲವರ ಮೇಲಿನ ಅನುಮಾನವನ್ನು ಇಡೀ ಸಮುದಾಯದ ಮೇಲೆ ಹೇರುವುದು ಅಂದೂ ಅನ್ಯಾಯವೇ, ಇಂದು ನಮ್ಮ ಮೇಲೆ ಹೇರಿದಾಗಲೂ ಅನ್ಯಾಯವೇ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಈ ಕತೆ ಇಂದಿಗೂ ಹೇಳಲ್ಪಡುತ್ತದೆ. ಅವರ ಎದುರು ಕುಳಿತಾಗ ನಾವು ಅದನ್ನು ಅಲ್ಲಗಳೆಯಬಾರದು.

ನಾವು ವಾಸಿಸುವ ವೈಟ್‌ಫೀಲ್ಡ್ ಕೂಡ ನೆಲೆಯಿಲ್ಲದವರಿಗೆ ಕೊಟ್ಟ ನೆಲವೇ ಆಗಿದೆ. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿತು. ಮರುವರ್ಷ, 1882ರಲ್ಲಿ, ಹತ್ತನೆಯ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಕೃಷಿ ವಸಾಹತುಗಳಿಗಾಗಿ 3,900 ಎಕರೆ ಭೂಮಿ ನೀಡಿದರು. ಆ ಸಂಘದ ನಾಯಕ ಡಿ.ಎಸ್. ವೈಟ್ ಅವರ ಹೆಸರೇ ಊರಿಗೆ ಬಂತು. ಈ ಕ್ರೈಸ್ತರು ಯುದ್ಧದಿಂದ ಓಡಿಬಂದವರಲ್ಲ. ಆದರೆ ಆಂಗ್ಲರು ಇವರನ್ನು ತಮ್ಮವರೆನ್ನಲಿಲ್ಲ, ಭಾರತೀಯರೂ ತಮ್ಮವರೆನ್ನಲಿಲ್ಲ. ಹೊಲ ಮನೆ ಊರು ಎಂಬುದು ಇವರಿಗಿರಲಿಲ್ಲ. ಹಿಂದೂ ಮಹಾರಾಜರೊಬ್ಬರು ಅದನ್ನು ಕೊಟ್ಟರು. ಒಳವೃತ್ತದ ಸುತ್ತ ಹೆಂಚಿನ ಮನೆಗಳೂ ಚರ್ಚುಗಳೂ ಎದ್ದವು. ಬೇಸಾಯ ನಿರೀಕ್ಷಿಸಿದಷ್ಟು ಕೈಹಿಡಿಯಲಿಲ್ಲ. 1947ರ ಬಳಿಕ ಈ ಜನರಲ್ಲಿ ಬಹಳ ಮಂದಿ ಇಂಗ್ಲೆಂಡ್, ಆಸ್ಟ್ರೇಲಿಯಾಗಳಿಗೆ ವಲಸೆ ಹೋದರು. 1990ರ ದಶಕದ ಕೊನೆಗೆ ಟೆಕ್ ಪಾರ್ಕ್ ಬಂದ ಮೇಲಂತೂ ಊರಿನ ಗುರುತೇ ಸಿಗದಾಯಿತು. ಈಗ ಇಲ್ಲಿ ಗಾಜಿನ ಕಟ್ಟಡಗಳು ಏಳುವುದು ಹೊಸ ವಲಸಿಗರ ಕೈಗಳಿಂದ: ರಾಯಚೂರು, ಕಲಬುರಗಿ, ಯಾದಗಿರಿಯವರು, ಬಿಹಾರ, ಒಡಿಶಾ, ಅಸ್ಸಾಮ್, ಪಶ್ಚಿಮ ಬಂಗಾಳದವರು. ಪೀಣ್ಯದ ಲೇತ್ ಯಂತ್ರಗಳ ಮುಂದೆಯೂ ಎಲೆಕ್ಟ್ರಾನಿಕ್ ಸಿಟಿಯ ಕಾವಲುಗಾರರ ಕೊಠಡಿಗಳಲ್ಲಿಯೂ ಇದೇ ಜನ.

ಕರ್ನಾಟಕಕ್ಕೆ ಆಶ್ರಯ ಕೊಟ್ಟು ಗೊತ್ತಿಲ್ಲವೆಂದಲ್ಲ. 1960ರ ಸುಮಾರಿಗೆ ಮೈಸೂರು ಸರಕಾರ ಟಿಬೆಟಿನ ನಿರಾಶ್ರಿತರಿಗೆ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಬಳಿಕ ಮುಂಡಗೋಡು, ಕೊಳ್ಳೇಗಾಲ, ಹುಣಸೂರುಗಳಲ್ಲೂ ಅವರು ನೆಲೆಸಿದರು. ಪೂರ್ವ ಬಂಗಾಳದಿಂದ ಬಂದ ಹಿಂದೂ ಕುಟುಂಬಗಳಿಗೆ ಸಿಂಧನೂರಿನ ಬಳಿ ಕ್ಯಾಂಪುಗಳಾದವು. ಆದರೆ ಇವೆಲ್ಲ ಆಯಾ ಕಾಲದ ಸರಕಾರದ ಮನಸ್ಸಿನಿಂದ ಆದವು, ಕಾನೂನಿನಿಂದಲ್ಲ. ಭಾರತವು 1951ರ ನಿರಾಶ್ರಿತರ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗಾಗಿ ಪ್ರತ್ಯೇಕ ಕಾನೂನೂ ಇಲ್ಲ. ಆದ್ದರಿಂದಲೇ ಟಿಬೆಟಿನವರಿಗೆ ಹೊಲ ಸಿಕ್ಕಿತು. ಬರ್ಮಾದಿಂದ ಪ್ರಾಣ ಉಳಿಸಿಕೊಂಡು ಬಂದ ರೋಹಿಂಗ್ಯಾಗಳಿಗೆ ಅನುಮಾನ ಸಿಕ್ಕಿತು. 2021ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಗುರುತಿಸಲಾದ 72 ರೋಹಿಂಗ್ಯಾಗಳನ್ನು ಸದ್ಯಕ್ಕೆ ಗಡೀಪಾರು ಮಾಡುವ ಯೋಜನೆಯಿಲ್ಲವೆಂದು ರಾಜ್ಯ ಸರಕಾರ ಸುಪ್ರೀಮ್ ಕೋರ್ಟಿಗೆ ಹೇಳಿತು. ಕೆಲವೇ ದಿನಗಳಲ್ಲಿ ಆ ಪ್ರಮಾಣಪತ್ರವನ್ನು ಬದಲಿಸಿತು.

2019ರ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯಿದೆ ಬಂತು. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ 2014ರ ಕೊನೆಯ ದಿನದೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ ಮತ್ತು ಕ್ರೈಸ್ತರಿಗೆ ಅದು ದಾರಿ ತೆರೆಯಿತು. ಮುಸ್ಲಿಮರ ಹೆಸರು ಅದರಲ್ಲಿಲ್ಲ. ಕ್ರೈಸ್ತರ ಹೆಸರಿತ್ತು ಎಂಬುದನ್ನು ಗಮನಿಸಬೇಕು. ಅವರು ಸುಮ್ಮನಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ 2020ರ ಜನವರಿಯಲ್ಲಿ ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾದೊ ಪೌರತ್ವಕ್ಕೆ ಧರ್ಮ ಆಧಾರವಾಗಬಾರದೆಂದು ಬಹಿರಂಗವಾಗಿ ಹೇಳಿದರು. ತನಗೆ ಲಾಭವಿರುವ ಪಟ್ಟಿಯನ್ನೇ ಪ್ರಶ್ನಿಸುವುದು ಸುಲಭವಲ್ಲ. ಚರ್ಮದ ಉಡುಗೊರೆ ಹಿಂದಿರುಗಿಸಿದ ಆ ಸಭೆ ನಮಗೆ ಆಗ ನೆನಪಾಯಿತು.

ಅದೇ ಜನವರಿಯಲ್ಲಿ ಬೆಳ್ಳಂದೂರಿನ ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಅಕ್ರಮ ಬಾಂಗ್ಲಾದೇಶಿಗಳಿದ್ದಾರೆಂದು ಹೇಳುವ ವಿಡಿಯೊ ಹರಡಿದ ಬೆನ್ನಲ್ಲೇ ನೂರಾರು ಶೆಡ್ಡುಗಳನ್ನು ಜೆಸಿಬಿಯಿಂದ ಕೆಡವಲಾಯಿತು. ಅಲ್ಲಿದ್ದವರಲ್ಲಿ ಅಸ್ಸಾಮ್, ತ್ರಿಪುರಾದವರಿದ್ದರು. ನಮ್ಮದೇ ಉತ್ತರ ಕರ್ನಾಟಕದ ಕನ್ನಡಿಗರೂ ಇದ್ದರು. ಗುರುತಿನ ಚೀಟಿ ಹಿಡಿದುಕೊಂಡೇ ಅವರು ಬೀದಿಯಲ್ಲಿ ನಿಂತಿದ್ದರು. ಕೆಡವುವ ಮೊದಲು ಯಾರೂ ಅವರ ಮಾತು ಕೇಳಲಿಲ್ಲ. ಬಳಿಕ ಹೈಕೋರ್ಟ್ ಕಾರ್ಯಾಚರಣೆಗೆ ತಡೆಯೊಡ್ಡಿತು.

ಆ ದಿನಗಳ ನಮ್ಮ ನಡತೆಯನ್ನೂ ಹೇಳಿಬಿಡುತ್ತೇವೆ. ಹೆದರಿದ ಕೆಲವು ಕುಟುಂಬಗಳು ನಮ್ಮ ಕಡೆಗೂ ಬಂದವು. ಮದ್ರಸಾದ ಹಾಲಿನಲ್ಲಿ ನಾಲ್ಕು ರಾತ್ರಿ ಮಲಗಲು ಜಾಗ ಕೇಳಿದರು. ಕಮಿಟಿಯ ಸಭೆ ಸೇರಿತು. ಪೊಲೀಸರು ಬಂದರೆ ಏನು ಉತ್ತರ ಕೊಡುವುದು, ನಾಳೆ ಪತ್ರಿಕೆಯಲ್ಲಿ ನಮ್ಮ ಹೆಸರು ಬಂದರೆ ಏನಾದೀತು ಎಂದು ಹಿರಿಯರು ಕೇಳಿದರು. ಅವರ ಭಯ ಸುಳ್ಳಾಗಿರಲಿಲ್ಲ. ನಮಗೂ ಅದೇ ಭಯವಿತ್ತು, ನಾವೂ ಬಾಯಿ ಬಿಡಲಿಲ್ಲ. ತೀರ್ಮಾನವಾಗುವಷ್ಟರಲ್ಲಿ ಮೂರು ದಿನ ಕಳೆಯಿತು. ಅಷ್ಟರಲ್ಲಿ ಹತ್ತಿರದ ಕಾನ್ವೆಂಟಿನ ಇಬ್ಬರು ಸಿಸ್ಟರುಗಳು ಆಟೊದಲ್ಲಿ ಅಕ್ಕಿ, ಟಾರ್ಪಾಲು, ಮಕ್ಕಳಿಗೆ ಹಾಲಿನ ಪುಡಿ ತಂದಿದ್ದರು. ಇಬ್ಬರು ಬಾಣಂತಿಯರನ್ನು ತಮ್ಮ ಆವರಣದೊಳಗೆ ಕರೆದೊಯ್ದಿದ್ದರು. ಅವರೂ ಅಲ್ಪಸಂಖ್ಯಾತರು, ಅವರಿಗೂ ಭಯಪಡಲು ಕಾರಣಗಳಿದ್ದವು. ಆಧಾರ್ ಪ್ರಶ್ನೆ ಕೇಳಿದ ಬಾಲಕನ ಅಕ್ಕ ಆ ಆವರಣದಲ್ಲಿ ಹತ್ತು ದಿನದ ಕೂಸಾಗಿದ್ದ ತಮ್ಮನೊಬ್ಬನನ್ನು ನೋಡಿಕೊಂಡಳೆಂದು ಅವಳ ತಾಯಿ ನಮಗೆ ಬಹಳ ಕಾಲದ ನಂತರ ಹೇಳಿದರು.

ನಾಲ್ಕು ತಿಂಗಳು ಕಳೆದು ಲಾಕ್‌ಡೌನಿನ ಸಮಯದಲ್ಲಿ, 2020ರ ಮೇ ಮೊದಲ ವಾರ, ಕಟ್ಟಡ ನಿರ್ಮಾಣ ಸಂಸ್ಥೆಗಳೊಡನೆ ಮಾತುಕತೆಯಾದ ಬಳಿಕ ಊರಿಗೆ ಹೊರಟಿದ್ದ ಕಾರ್ಮಿಕರ ರೈಲುಗಳನ್ನು ರಾಜ್ಯ ಸರಕಾರ ರದ್ದುಮಾಡಿ, ಟೀಕೆ ಬಂದ ಮೇಲೆ ಪುನಃ ಆರಂಭಿಸಿತು. ಜನವರಿಯಲ್ಲಿ ಹೋಗಿ ಎಂದವರೇ ಮೇ ತಿಂಗಳಲ್ಲಿ ಹೋಗಬೇಡಿ ಎಂದರು. ದೊರೆ ಹಡಗು ಸಿದ್ಧಪಡಿಸಿಟ್ಟ ಪ್ರಸಂಗವನ್ನು ಮಕ್ಕಳಿಗೆ ಹೇಳುವಾಗ ಈ ರೈಲುಗಳು ನಮಗೆ ನೆನಪಾಗುತ್ತವೆ. ಈ ಬಾರಿ ನಮ್ಮ ಮಸೀದಿ ಹಿಂದೆ ಬೀಳಲಿಲ್ಲ ಎಂಬುದನ್ನೂ ಹೇಳಬೇಕು. ಎರಡು ತಿಂಗಳ ಕಾಲ ದಿನಕ್ಕೆ ನಾನೂರು ಊಟ ಹೋಯಿತು. ಪಾತ್ರೆಗಳಲ್ಲಿ ಅರ್ಧದಷ್ಟು ಆ ಕಾನ್ವೆಂಟಿನಿಂದ ಎರವಲು ಬಂದವು.

ಆ ಬಾಲಕನಿಗೆ ನಾವು ಮರುವಾರ ಉತ್ತರ ಹೇಳಿದೆವು. ದೊರೆ ಕಾಗದ ಕೇಳಲಿಲ್ಲ, ಏಕೆ ಬಂದಿರಿ ಎಂದು ಕೇಳಿದರು, ಉತ್ತರವನ್ನು ಕೊನೆಯ ತನಕ ಕೇಳಿಸಿಕೊಂಡರು ಎಂದೆವು. "ಹಾಗಾದರೆ ಅಬ್ಬಾನನ್ನೂ ಯಾರಾದರೂ ಕೇಳಬಹುದಲ್ಲ" ಎಂದನು. ಮದ್ರಸಾಕ್ಕೆ ಸೇರಲು ಬಾಡಿಗೆ ಕರಾರು ಪತ್ರ ಬೇಕೆಂಬ ನಿಯಮ ನಮ್ಮಲ್ಲಿ ಈಗಲೂ ಇದೆ. ಅದಿಲ್ಲದ ಹದಿನಾಲ್ಕು ಮಕ್ಕಳು ಸಂಜೆ ಬಂದು ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಾರೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿಲ್ಲ. ನಿಯಮ ತೆಗೆಯಬೇಕೆಂದು ನಾವು ಕಮಿಟಿಗೆ ಬರೆದುಕೊಟ್ಟಿದ್ದೇವೆ. ಶಅಬಾನಿನ ಮೊದಲ ಜುಮಾದ ಬಳಿಕ ಸಭೆ ಕರೆದಿದ್ದಾರೆ.